ಗೌರಿಬಳ್ಳಿಯ ಪಕ್ಕದ ಜಾಗ

ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ಹೊಸ್ತಿಲು ದಾಟುತ್ತಿದ್ದ ಮಗನ ತೋಳನ್ನು ಪುಟ್ಟಮಲ್ಲಮ್ಮ ಹಿಂದಿನಿಂದ ಹಿಡಿದುಕೊಂಡಳು. ಸಾವಿನ ಮನೆಯ ಇಂಥ ಗಳಿಗೆಯಿಂದ ಕತೆಯನ್ನು ಶುರುಮಾಡುವುದು ಸರಿಯೋ ತಪ್ಪೋ ನನಗೆ ತಿಳಿಯದು. ಇಬ್ಬರು ಹೆಂಗಸರ ಮನಸ್ಸಿನ ಒಳಗಿನದನ್ನು, ಅದರಲ್ಲೂ ಒಬ್ಬಳು ಗೋಡೆಗೆ ಒರಗಿ ಕಣ್ಣುಮುಚ್ಚಿ ಕುಳಿತಾದ ಮೇಲೆ, ಹೊರಗಿನವನೊಬ್ಬ ಹೇಳಹೊರಡುವುದು ಅಧಿಕಪ್ರಸಂಗವೇ. ಇದು ನಡೆದ ಊರು ಶಾಗ್ಯದವರು ಯಾರಾದರೂ ಓದಿದರೆ ಮನ್ನಿಸಬೇಕು, ತಪ್ಪಿದ ಕಡೆ ತಿದ್ದಬೇಕು.

"ಎಲ್ಲಿಗ್ಲಾ?" ಅಂದಳು ಪುಟ್ಟಮಲ್ಲಮ್ಮ.

"ಇನ್ನೆಲ್ಲಿಗವ್ವ, ಒಲಕ್ಕೆ. ಬಿಸ್ಲು ಏರೋಕ್ ಮುಂಚೆ ಗುಣಿ ತಗೀಬೇಕಲ್ಲ."

"ಒಲದಲ್ಲಿ ಎಲ್ಲಿ?"

ನಂಜಪ್ಪ ತಾಯಿಯ ಮುಖ ನೋಡಿದ. ಇದೊಂದು ಕೇಳುವ ಮಾತೇ ಅನ್ನುವ ಹಾಗೆ. "ಅಪ್ಪನ ಪಕ್ಕ."

"ಅಲ್ಲಿ ಬ್ಯಾಡ."

ಒಳಗೆ ನಡುಮನೆಯಲ್ಲಿ ಗುರುಸಿದ್ದಮ್ಮನನ್ನು ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಎಡಗೈಯ ಅಂಗೈಯಲ್ಲಿ ಲಿಂಗ, ತಲೆ ಜೋಲದಂತೆ ಗೋಡೆಯ ಗೂಟಕ್ಕೆ ಕಟ್ಟಿದ ಬಿಳಿಯ ವಸ್ತ್ರ. ಗೌರಿಹಬ್ಬ ಕಳೆದಾಗಿನಿಂದ ಬಿಟ್ಟೂ ಬಿಡದೆ ಬರುತ್ತಿದ್ದ ಜ್ವರದಲ್ಲಿ ಅವಳು ಆ ದಿನ ಬೆಳಗಾಗುವಾಗ ತೀರಿಕೊಂಡಿದ್ದಳು. ಅವಳು ಚಿಕ್ಕಮಾದಪ್ಪನ ಮೊದಲ ಹೆಂಡತಿ. ಪುಟ್ಟಮಲ್ಲಮ್ಮ ಎರಡನೆಯವಳು. ನಂಜಪ್ಪ ಪುಟ್ಟಮಲ್ಲಮ್ಮನ ಹೊಟ್ಟೆಯಲ್ಲಿ ಹುಟ್ಟಿ ಗುರುಸಿದ್ದಮ್ಮನ ಸೊಂಟದ ಮೇಲೆ ಬೆಳೆದವನು. ಚಿಕ್ಕಮಾದಪ್ಪ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಹೊಲದ ಮೂಡಲ ಮೂಲೆಯಲ್ಲಿ ಅವನ ಗದ್ದುಗೆ ಇತ್ತು.

ಆ ಮೂಲೆಯ ವಿಚಾರವನ್ನು ಇಲ್ಲೇ ಹೇಳಿಬಿಡಬೇಕು. ಗದ್ದುಗೆಯ ಒಂದು ಮಗ್ಗುಲಿಗೆ ನೆಲದೊಳಗಿನಿಂದಲೇ ಎದ್ದ ಬಂಡೆ. ಅಲ್ಲಿ ಹಾರೆ ಇಳಿಯುವುದಿಲ್ಲ. ಇನ್ನೊಂದು ಮಗ್ಗುಲಿಗೆ ಕಳ್ಳಿಬೇಲಿ. ಬೇಲಿಯ ಬುಡದುದ್ದಕ್ಕೂ ಗೌರಿಬಳ್ಳಿ. ಅದು ಹಿಡಿದ ಪಟ್ಟಿಯನ್ನು ಬಿಟ್ಟರೆ ಗದ್ದುಗೆಯ ಪಕ್ಕದಲ್ಲಿ ಉಳಿಯುವುದು ಒಬ್ಬರಿಗಾಗುವಷ್ಟು ಜಾಗ. ಒಬ್ಬರಿಗೇ.

"ಅಲ್ಲಿ ಅಗುದ್ರೆ ಬಳ್ಳಿ ಬೇರು ಕಡೀತದೆ ಕಣ್ಲಾ," ಅಂದಳು ಪುಟ್ಟಮಲ್ಲಮ್ಮ. "ಇನ್ನೂ ಹೂವ ಅದೆ. ಅಕ್ಕ ಜೀವ ಬುಟ್ಟು ಸಾಕಿದ್ ಬಳ್ಳಿ. ಅದ ಕಿತ್ತಾಕಿ ಅವಳ್ನ ಮಣ್ಣು ಮಾಡಿದ್ರೆ ಅವಳ ಆತ್ಮ ಮೆಚ್ತದಾ? ತೆಂಗಿನ ಮರದ ತಾವು ತಗಿ. ಅತ್ತೆ ಪಕ್ಕ."

ಜಗಲಿಯಲ್ಲಿ ಕುಳಿತಿದ್ದ ಪಕ್ಕದ ಮನೆಯ ರಂಗಮ್ಮ ಕಣ್ಣೀರು ಒರೆಸುತ್ತಿದ್ದ ಸೆರಗನ್ನು ಕೆಳಗಿಳಿಸಿದಳು.

"ಬದುಕಿದ್ದಷ್ಟು ದಿನ ಅತ್ತೆ ಕಾಲೊತ್ತಿದ್ಲು. ಸತ್ತ ಮ್ಯಾಲೂ ಅತ್ತೆ ಪಕ್ಕನೇನಾ? ಏನ್ ಪಾಪ ಮಾಡಿದ್ಲವ್ವ ಗುರುಸಿದ್ದಕ್ಕ!"

"ನೀ ಸುಮ್ಕಿರು ರಂಗಿ. ಇದು ನಮ್ ಮನೆ ಮಾತು."

"ನಿಮ್ ಮನೆ ಮಾತೇ ಕಣವ್ವ. ಆ ಬಳ್ಳಿ ಮ್ಯಾಲೆ ಪಿರೀತಿ ಯಾವಾಗಿಂದ ಅಂತ ಕೇಳ್ದೆ ಅಷ್ಟೆಯ."

ನಂಜಪ್ಪ ಗುದ್ದಲಿಯನ್ನು ಗೋಡೆಗೆ ಆನಿಸಿ, "ದೊಡ್ಡವ್ವನ ಕಡೆ ಮಾವ ಬರ್ಲಿ. ಅಯ್ನೋರು ಬರ್ಲಿ. ಅವ್ರು ಏಳ್ದಂಗೆ," ಎಂದು ಹೊರಗೆ ಹೋಗಿ ನಿಂತ.

*

ಪುಟ್ಟಮಲ್ಲಮ್ಮ ಹನೂರಿನ ಕಡೆಯ ಅರಿಶಿನ ಬೆಳೆಯುವ ಮನೆಯಿಂದ ಎರಡನೆಯವಳಾಗಿ ಬಂದಾಗ ಇನ್ನೂ ಹುಡುಗಿ. ಸವತಿ ಹೇಗಿರುತ್ತಾಳೋ ಎಂದು ಹೆದರಿಕೊಂಡೇ ಬಂದಿದ್ದಳು. ಗುರುಸಿದ್ದಮ್ಮ ಬಾಗಿಲಲ್ಲಿ ಆರತಿ ಎತ್ತಿದಳು. ಕಣಜದ ಬೀಗದ ಕೈ ಕೊಟ್ಟಳು, ಒಳಕೋಣೆ ಬಿಟ್ಟುಕೊಟ್ಟಳು. ತನ್ನ ಮದುವೆಯ ಸೀರೆಯನ್ನೂ ಕೊಟ್ಟಳು. "ನಂಗೆ ಮಕ್ಕಳಾಗ್ನಿಲ್ಲ ಮಲ್ಲಿ. ಇನ್ನು ನೀನೇ ಈ ಮನೆ," ಅಂದಳು. ಊರವರು ಇಂಥವಳು ಎಲ್ಲಿದ್ದಾಳೆ ಅಂದರು. ಪುಟ್ಟಮಲ್ಲಮ್ಮನಿಗೆ ಆಗಿನಿಂದಲೇ ಒಂದು ಉರಿ. ಜಗಳ ಆಡಿ ಗೆದ್ದುಕೊಳ್ಳೋಣವೆಂದರೆ ಗುರುಸಿದ್ದಮ್ಮ ಕಿತ್ತುಕೊಳ್ಳಲು ಏನನ್ನೂ ಉಳಿಸಿರಲಿಲ್ಲ.

ಉಳಿಸಿಕೊಂಡಿದ್ದು ಬೇಲಿಯ ಬಳ್ಳಿ ಒಂದನ್ನೇ.

ಅದರ ಗೆಡ್ಡೆಯನ್ನು ಗುರುಸಿದ್ದಮ್ಮ ತವರೂರು ಅಜ್ಜೀಪುರದಿಂದ, ಕಾಡಂಚಿನ ಕಲ್ಲುಸಂದಿಯಿಂದ ಕಿತ್ತು ತಂದು ಬೇಲಿಯ ಬುಡದಲ್ಲಿ ಊರಿದ್ದಳಂತೆ. ಬೇಸಿಗೆಯಲ್ಲಿ ಅಲ್ಲಿ ಏನೂ ಇರುತ್ತಿರಲಿಲ್ಲ. ಮುಂಗಾರು ಬಿದ್ದ ಮೇಲೆ ಮಣ್ಣು ಬಿರಿದು ಬೆರಳು ದಪ್ಪದ ಮೊಳಕೆ ಬರುತ್ತಿತ್ತು. ಎಲೆಯ ತುದಿಯೇ ಸುರುಳಿಯಾಗಿ ಕಳ್ಳಿಯನ್ನು ಹಿಡಿದುಕೊಂಡು ಮೇಲೇರುತ್ತಿತ್ತು. ಗೌರಿಹಬ್ಬದ ಹೊತ್ತಿಗೆ ಹೂವು. ಬಿರಿದ ದಿನ ಹಸಿರು ಹಳದಿ, ಆಮೇಲೆ ಅಂಚಿನಲ್ಲಿ ಮಾತ್ರ ಹಳದಿ ಉಳಿದು ನಡುವೆಲ್ಲ ಕೆಂಪು. ದೀಪಾವಳಿ ಹತ್ತಿರವಾದಂತೆ ಎಲೆಗಳು ಹಣ್ಣಾಗಿ ಹೊನ್ನಿನ ಬಣ್ಣಕ್ಕೆ ತಿರುಗುತ್ತಿದ್ದವು, ಉಳಿದ ಹೂಗಳು ಕೆಂಡದಂತಾಗುತ್ತಿದ್ದವು, ಕಾಯಿ ಒಡೆದು ಕೆಂಪು ಬೀಜ ಕಾಣುತ್ತಿತ್ತು. ಬೇಲಿಗೇ ಬೆಂಕಿ ಬಿದ್ದಿದೆಯೇನೋ ಎಂದು ದಾರಿಹೋಕರು ನಿಂತು ನೋಡುತ್ತಿದ್ದರು. ಕಾರ್ತಿಕದಲ್ಲಿ ಎಲ್ಲ ಒಣಗಿ, ಮತ್ತೆ ಬರಿಯ ಬೇಲಿ.

ಹಬ್ಬಕ್ಕೆಂದು ಒಂದೆರಡು ಬಿಟ್ಟು ಆ ಹೂಗಳನ್ನು ಗುರುಸಿದ್ದಮ್ಮ ಯಾರಿಗೂ ಕೀಳಗೊಡುತ್ತಿರಲಿಲ್ಲ. ಚಿಟ್ಟೆ, ಜೇನುನೊಣ, ಕೊಕ್ಕು ಬಾಗಿದ ಪುಟ್ಟ ಹೂಹಕ್ಕಿ, ಬೆಳಗಿನಿಂದ ಅಲ್ಲಿ ಒಂದಲ್ಲ ಒಂದು ಇರುತ್ತಿತ್ತು. ಕುಂಬಳದ ಹಂಬಿಗೂ ಅವರೆಗೂ ಅವೇ ಹೋಗಬೇಕು, ಇಲ್ಲಿ ಮೇವಿದ್ದರೆ ತಾನೆ ಆ ಕಡೆಗೂ ಬರುತ್ತವೆ ಎಂಬುದು ಅವಳ ಲೆಕ್ಕ. ಆದರೆ ಅದಷ್ಟೇ ಅಲ್ಲವೆಂದು ಪುಟ್ಟಮಲ್ಲಮ್ಮನಿಗೆ ಗೊತ್ತಿತ್ತು.

ಮಧ್ಯಾಹ್ನ ಬುತ್ತಿ ಹೊತ್ತುಕೊಂಡು ಹೊಲಕ್ಕೆ ಹೋದಾಗ ಅವಳಿಗೆ ಕಾಣುತ್ತಿದ್ದುದು ಎರಡು ಬೆನ್ನುಗಳು. ಚಿಕ್ಕಮಾದಪ್ಪ, ಗುರುಸಿದ್ದಮ್ಮ, ಬೇಲಿಯ ಕಡೆ ಮುಖ ಮಾಡಿ ಕುಳಿತವರು. ಮಾತೂ ಇರುತ್ತಿರಲಿಲ್ಲ.

"ಏನ್ ನೋಡ್ತಿದ್ರಿ?"

"ಏನಿಲ್ಲ. ಹೂವ."

ಗಂಡ ಅವಳೊಂದಿಗೆ ಮಾತಾಡುತ್ತಿದ್ದ, ನಗುತ್ತಿದ್ದ, ಒಳಕೋಣೆಗೆ ಬರುತ್ತಿದ್ದ. ಆದರೆ ಅವಳ ಪಕ್ಕದಲ್ಲಿ ಸುಮ್ಮನೆ ಹಾಗೆ ಕುಳಿತದ್ದು ಒಂದು ದಿನವೂ ಇಲ್ಲ. ಒಮ್ಮೆ ಯಾರೂ ಇಲ್ಲದಾಗ ತಾನೇ ಅಲ್ಲಿ ಹೋಗಿ ಕುಳಿತು ನೋಡಿದಳು. ಒಂದು ಕಪ್ಪು ಚಿಟ್ಟೆ ಹೂವಿನಿಂದ ಹೂವಿಗೆ ಹಾರಿತು. ಮತ್ತೇನೂ ಕಾಣಲಿಲ್ಲ. ಇದರಲ್ಲಿ ಅವರಿಬ್ಬರಿಗೆ ಕಾಣುವುದಾದರೂ ಏನು ಎಂದು ಅಳು ಬಂತು.

ನಂಜಪ್ಪ ಹೊಟ್ಟೆಯಲ್ಲಿದ್ದಾಗ ಊರಿನ ಹೆಂಗಸರು ಕಿವಿಯಲ್ಲಿ ಹೇಳಿದರು: "ಅದು ಇಸದ ಗೆಡ್ಡೆ ಕಣವ್ವ. ಚೂರು ಒಟ್ಟೆಗೋದ್ರೆ ಬಸ್ರು ನಿಲ್ಲಾಕಿಲ್ಲ. ಉಸಾರು." ಅಂದಿನಿಂದ ಪುಟ್ಟಮಲ್ಲಮ್ಮ ಸವತಿಯ ಕೈಯ ಅಡಿಗೆ ಮುಟ್ಟಲಿಲ್ಲ. ಗುರುಸಿದ್ದಮ್ಮ ಏಕೆಂದು ಕೇಳಲಿಲ್ಲ. ಮರುದಿನದಿಂದ ಒಲೆಯ ಹತ್ತಿರವೇ ಬರದೆ ಹೊಲದಲ್ಲೇ ಉಳಿದಳು. ಅದರಿಂದ ಆದದ್ದಿಷ್ಟು: ಚಿಕ್ಕಮಾದಪ್ಪ ಬೇಲಿಯ ಹತ್ತಿರ ಕೂರುವ ಹೊತ್ತು ಇಮ್ಮಡಿಯಾಯಿತು.

ಸಾಯುವಾಗ ಅವನು ಕೇಳಿದ್ದೂ ಅದನ್ನೇ. "ನನ್ನ ಆ ಮೂಲೇಲೇ ಮಡುಗಿ. ನಾ ಕೂರ್ತಿದ್ ತಾವು."

*

ಅಜ್ಜೀಪುರದಿಂದ ಬಸ್ಸು ಹಿಡಿದು ಗುರುಸಿದ್ದಮ್ಮನ ತಮ್ಮ ಮುತ್ತಪ್ಪ ಬಂದ. ಬಂದವನೇ ಅಕ್ಕನ ಪಾದ ಹಿಡಿದುಕೊಂಡು ಅತ್ತ. ಮುಖ ತೊಳೆದ ಮೇಲೆ ರಂಗಮ್ಮ ಅವನ ಕಿವಿಗೆ ವಿಷಯ ಹಾಕಿದಳು. ಅವನು ಅಂಗಳಕ್ಕೆ ಬಂದು ನಿಂತಾಗ ಶಿವರುದ್ರಸ್ವಾಮಿಗಳು, ಆ ಮನೆಯ ಅಯ್ಯನವರು, ಬಿಲ್ವಪತ್ರೆಯ ಗಂಟನ್ನು ಜಗಲಿಯ ಮೇಲಿಟ್ಟು ಕೂರುತ್ತಿದ್ದರು.

"ಅಯ್ನೋರೆ, ನಮ್ಮಕ್ಕ ಮೊದ್ಲ ಹೆಂಡ್ತಿ. ಕೈ ಇಡ್ದು ಬಂದೋಳು. ಅವಳ್ನ ಗಂಡನ ಪಕ್ಕ ಮಡುಗಾಕೆ ಇವ್ರು ಬ್ಯಾಡ ಅಂತಾರಲ್ಲ, ಇದ್ ಯಾವ್ ನ್ಯಾಯ?"

"ಯಾರಪ್ಪ ಬ್ಯಾಡ ಅಂದೋರು?"

"ನಾನೇ ಬುದ್ಧಿ," ಅಂದಳು ಪುಟ್ಟಮಲ್ಲಮ್ಮ ಬಾಗಿಲ ಮರೆಯಿಂದ. "ಬಳ್ಳಿ ಆಳಾಯ್ತದೆ."

"ಬಳ್ಳಿ!" ಮುತ್ತಪ್ಪ ಕೈಬೀಸಿದ. "ನೀ ನನ್ ತಂಗಿ ಇದ್ದಂಗೆ ಅಂತ ತಡ್ಕಂಡಿವ್ನಿ. ಆ ಜಾಗವ ನಿಂಗೆ ಅಂತ ಕಾಯ್ದಿಟ್ಕಂಡಿದ್ದೀಯೆ. ಊರಿಗೇ ಗೊತ್ತು."

"ಕಾಯ್ದಿಟ್ಕಂಡ್ರೆ ಏನಣ್ಣ ತಪ್ಪು?" ಪುಟ್ಟಮಲ್ಲಮ್ಮ ಮರೆಯಿಂದ ಹೊರಗೆ ಬಂದಳು. "ಬದುಕಿದ್ದಾಗ ಪಕ್ಕ ಕೂತೋಳು ಅವಳೇ ಅಲ್ವಾ? ನಾ ಬುತ್ತಿ ಓತ್ಕಂಡು ನಿಂತಿರ್ತಿದ್ದೆ. ಮಣ್ಣಾದ್ ಮ್ಯಾಲಾದ್ರೂ…" ಅಲ್ಲಿಗೆ ನಿಲ್ಲಿಸಿ ತುಟಿ ಕಚ್ಚಿದಳು. ತಾನು ಏನು ಹೇಳಿದೆ ಎಂಬುದು ಆಮೇಲೆ ಅವಳಿಗೇ ಗೊತ್ತಾದಂತೆ, "ಬಳ್ಳಿಗೋಸ್ಕರ ಏಳ್ದೆ ನಾನು," ಎಂದು ಸೇರಿಸಿದಳು.

ಅಯ್ಯನವರು ನಂಜಪ್ಪನನ್ನು ನೋಡಿದರು. ಅವನು ನೆಲ ನೋಡುತ್ತಿದ್ದ. ಅವನಿಗೆ ದೊಡ್ಡವ್ವ ಅಪ್ಪನ ಪಕ್ಕ ಇರಬೇಕೆಂದಿತ್ತು. ಹೆತ್ತವಳನ್ನು ಅಷ್ಟು ಜನರ ಮುಂದೆ ಸೋಲಿಸಲು ಬಾಯಿ ಬರಲಿಲ್ಲ.

"ಕೇಳ್ರಪ್ಪ," ಅಂದರು ಅಯ್ಯನವರು. "ಸತ್ತೋರಿಗೆ ಎಲ್ಲಾದ್ರೂ ಮಣ್ಣೇ. ಮೂಲೆ ದೂಪ ದೀಪ ನೋಡ್ಕಳ್ಳೋದು ಇನ್ಮುಂದೆ ಪುಟ್ಟಮಲ್ಲಮ್ಮ. ಅವಳ ಮನ್ಸು ನೋಯ್ಸಿ ಮಡುಗಿದ್ರೆ ದಿನಾ ನೋಡ್ಕಂಡು ನೋಯ್ತಾಳೆ. ತೆಂಗಿನ ಮರದ ತಾವೇ ಆಗ್ಲಿ."

ಹಾಗೆ ಪುಟ್ಟಮಲ್ಲಮ್ಮ ಗೆದ್ದಳು. ಒಳಗೆ ಹೋಗಿ ಗುರುಸಿದ್ದಮ್ಮನ ಎದುರು ಕುಳಿತಳು. ಜಾರಿದ್ದ ಸೆರಗನ್ನು ಸರಿಮಾಡಿದಳು. ಗೆದ್ದದ್ದು ಸವತಿಗೆ ಗೊತ್ತಾಗಿರಬಹುದೇ ಎಂದು ನೋಡುವವಳಂತೆ ಆ ಮುಚ್ಚಿದ ಕಣ್ಣುಗಳನ್ನೇ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಎಂದಿನಂತೆ ಬಿಟ್ಟುಕೊಟ್ಟು ಕುಳಿತ ಮುಖ.

*

ಕೊಳ್ಳೇಗಾಲವನ್ನು ಮದರಾಸಿನಿಂದ ತೆಗೆದು ಮೈಸೂರಿಗೆ ಸೇರಿಸುತ್ತಾರಂತೆ ಎಂದು ಜಗಲಿಗಳಲ್ಲಿ ಮಾತಾಗುತ್ತಿದ್ದ ವರ್ಷ, ಚಿಕ್ಕಮಾದಪ್ಪ ಇನ್ನೂ ಬದುಕಿದ್ದಾಗಿನ ಮಾತು ಇದು. ಪುಟ್ಟಮಲ್ಲಮ್ಮ ತನ್ನದೇ ಒಂದು ಬಳ್ಳಿ ಬೆಳೆಯಬೇಕೆಂದು ಹಟ ಹಿಡಿದಳು. ಹಿತ್ತಿಲಲ್ಲಿ, ಒಳಕೋಣೆಯ ಕಿಟಕಿಯ ಎದುರಿಗೇ. ಅಲ್ಲೂ ಹೂವಾದರೆ, ಅಲ್ಲೂ ಚಿಟ್ಟೆ ಬಂದರೆ, ಗಂಡ ಅಲ್ಲಿಯೂ ಕೂರಬಹುದು.

ಕೇಳಿದ ದಿನವೇ ಗುರುಸಿದ್ದಮ್ಮ ಬೇಲಿಯ ಬುಡ ಅಗೆದು ಎಲ್ಲಕ್ಕಿಂತ ದಪ್ಪನೆಯ ಎರಡು ಗೆಡ್ಡೆಗಳನ್ನು ಮೊರದಲ್ಲಿಟ್ಟು ತಂದುಕೊಟ್ಟಳು.

"ಮಣ್ಣಿನ ಅದ ನೋಡ್ಕಂಡು ಊರು ಮಲ್ಲಿ. ನೀರು ನಿಲ್ಬಾರ್ದು."

"ನಂಗೂ ಗೊತ್ತು ಬುಡಕ್ಕ. ನಾವು ಅರಿಸ್ನ ಬೆಳ್ದೋರು."

ಅರಿಶಿನ ಬೆಳೆದವರು ಮಾಡುವಂತೆಯೇ ಅವಳು ಮಾಡಿದಳು. ಈಳಿಗೆಮಣೆ ಹಾಕಿಕೊಂಡು ಕುಳಿತು, ಸಣಕಲು ತುದಿಗಳನ್ನು ಚಿವುಟಿ ಎಸೆದಳು. ನಡುವಿನ ಕೊಬ್ಬಿದ ಭಾಗವನ್ನು ತುಂಡು ತುಂಡು ಮಾಡಿದಳು. ಎರಡರಿಂದ ಇಪ್ಪತ್ತು ಗಿಡ ಎಬ್ಬಿಸಿ ಹಿತ್ತಿಲಿಗೆ ಹಿತ್ತಿಲನ್ನೇ ಹೂವಾಗಿಸುವ ಆಸೆ. ಕೊಯ್ದ ಬಾಯಿಗೆ ಬೂದಿ ಸವರುತ್ತಿದ್ದಾಗ ಗುರುಸಿದ್ದಮ್ಮ ಸಗಣಿಯ ಕುಕ್ಕೆ ಎತ್ತಿಕೊಂಡು ಅಲ್ಲಿಗೆ ಬಂದಳು. ನಿಂತಳು. ಈಳಿಗೆಮಣೆಯನ್ನು, ತುಂಡುಗಳನ್ನು, ನೆಲಕ್ಕೆ ಬಿದ್ದ ತುದಿಗಳನ್ನು ನೋಡಿದಳು. ಬಾಯಿ ತೆರೆದಳು.

"ಏನಕ್ಕ?"

ಗುರುಸಿದ್ದಮ್ಮ ಬಾಯಿ ಮುಚ್ಚಿದಳು. "ಏನಿಲ್ಲ," ಎಂದು ಕುಕ್ಕೆಯನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು.

ಮಳೆ ಚೆನ್ನಾಗಿ ಬಂತು. ಹಿತ್ತಿಲಲ್ಲಿ ಕುಂಬಳ ಎದ್ದಿತು, ತಾನಾಗಿ ಬಿದ್ದ ಹಾಗಲ ಎದ್ದಿತು. ಕಿಟಕಿಯ ಎದುರು ಏನೂ ಏಳಲಿಲ್ಲ. ಕೈಯಲ್ಲಿ ಕೆದಕಿ ನೋಡಿದರೆ ನಾರುವ ಲೋಳೆ. ಆ ವರ್ಷ ಬೇಲಿಯ ಬಳ್ಳಿ ಹಿಂದೆಂದೂ ಇಲ್ಲದಷ್ಟು ಹೂ ಬಿಟ್ಟಿತು. ಜೇನುನೊಣಗಳು ಪುಟ್ಟಮಲ್ಲಮ್ಮನ ಹಿತ್ತಿಲಿನ ಮೇಲಿಂದಲೇ ಹೊಲದ ಕಡೆಗೆ ಹಾರಿಹೋಗುತ್ತಿದ್ದವು ಎಂದು ಅವಳಿಗೆ ಅನಿಸುತ್ತಿತ್ತು.

"ಬೇಯ್ಸಿ ಕೊಟ್ಟವ್ಳೆ," ಅಂದಳು ಅವಳು ಬಾವಿಕಟ್ಟೆಯಲ್ಲಿ. "ಬಿಸ್ನೀರಲ್ಲಿ ಅದ್ದಿ, ಜೀವ ತಗ್ದು ಕೊಟ್ಟವ್ಳೆ. ನಗ್ತಾ ನಗ್ತಾ."

ಮಾತು ಊರೆಲ್ಲ ಸುತ್ತಿ ಗುರುಸಿದ್ದಮ್ಮನ ಕಿವಿಗೂ ಬಿತ್ತು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಲ್ಲವೆನ್ನದ್ದೇ ಪುಟ್ಟಮಲ್ಲಮ್ಮನಿಗೆ ರುಜುವಾತಾಯಿತು. ಬೇಯಿಸಿದ ಗೆಡ್ಡೆಯ ಮಾತನ್ನು ಅವಳು ಅಂದಿನಿಂದ ಒಂದು ವರ್ಷವೂ ಮರೆಯಲಿಲ್ಲ. ಮುಂಗಾರಿನಲ್ಲಿ ಬೇಲಿಯ ಬುಡ ಬಿರಿದಾಗಲೆಲ್ಲ ಅದೂ ಹೊಸದಾಗಿ ಮೊಳೆಯುತ್ತಿತ್ತು.

*

ಮುತ್ತಪ್ಪ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಅಯ್ಯನವರ ಮಾತಿಗೆ ಎದುರಾಡಲಾರದೆ ಸ್ವಲ್ಪ ಹೊತ್ತು ಅಂಗಳದಲ್ಲಿ ಶತಪಥ ಹಾಕಿದ. ಆಮೇಲೆ ನಂಜಪ್ಪನ ಗುದ್ದಲಿಯನ್ನು ಕೈಗೆತ್ತಿಕೊಂಡ.

"ಬಳ್ಳಿಗೋಸ್ಕರ ತಾನೆ ಏಳಿದ್ದು? ಆಯ್ತು. ಅದು ನಮ್ಮೂರ ಬಳ್ಳಿ, ನಮ್ಮಕ್ಕ ತಂದಿದ್ದು. ನಾನು ಒಂದೊಂದ್ ಗೆಡ್ಡೇನೂವೆ ಆಳಾಗ್ದಂಗೆ ಕಿತ್ಕಂಡು ಊರ್ಗೆ ತಕಂಡೋಯ್ತೀನಿ. ಬಳ್ಳೀನೇ ಇಲ್ಲ ಅಂದ್ಮ್ಯಾಲೆ ಆ ಜಾಗ ಬ್ಯಾಡ ಅನ್ನಾಕೆ ಏನವ್ವ ಉಳೀತು?"

ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅಯ್ಯನವರು ಕೂಡ ಪುಟ್ಟಮಲ್ಲಮ್ಮನ ಕಡೆ ತಿರುಗಿದರು. ಮುತ್ತಪ್ಪ ಆಗಲೇ ಬೀದಿಗೆ ಇಳಿದಿದ್ದ. ಹಿಂದೆ ನಂಜಪ್ಪ, ಅವನ ಹಿಂದೆ ನಾಲ್ಕಾರು ಜನ. ಪುಟ್ಟಮಲ್ಲಮ್ಮ ಬರಿಗಾಲಲ್ಲೇ ಓಡಿದಳು. ಏನು ನಡೆಯುತ್ತದೋ ನೋಡಬೇಕೆಂದು ರಂಗಮ್ಮ ಅವಳ ಬೆನ್ನು ಹತ್ತಿದಳು.

ಹೊಲದ ಮೂಲೆಯಲ್ಲಿ ಬಿಸಿಲು ಬಿದ್ದಿತ್ತು. ಬಳ್ಳಿಯ ಎಲೆಗಳು ಅರ್ಧ ಹಳದಿ ತಿರುಗಿದ್ದವು. ಮೇಲುಮೇಲಿನ ಹೂಗಳು ಇನ್ನೂ ಕೆಂಪಾಗಿ ನಿಂತಿದ್ದವು, ಅವುಗಳ ಸುತ್ತ ಜೇನುನೊಣಗಳು ಹಾರುತ್ತಿದ್ದವು. ಮುತ್ತಪ್ಪ ಗುದ್ದಲಿಯನ್ನು ಬದಿಗಿಟ್ಟು ಮಂಡಿಯೂರಿ ಕುಳಿತ. ಜೊತೆಗೆ ಬಂದವರೊಬ್ಬರ ಕುಡುಗೋಲು ಇಸಿದುಕೊಂಡು ಅದರ ಮೊನೆಯಿಂದ ಮಣ್ಣು ಬಿಡಿಸಿ, ಉಳಿದದ್ದನ್ನು ಬೆರಳಲ್ಲೇ ತೆಗೆದ. ಮೊದಲ ಗೆಡ್ಡೆ ಬಂತು, ನೇಗಿಲಿನಂತೆ ಬಾಗಿ ಎರಡು ಕವಲಾದದ್ದು. ನಂಜಪ್ಪ ಅದನ್ನು ತೆಗೆದುಕೊಳ್ಳಲು ಕೈ ಚಾಚಿದ.

"ತುದಿ ಇಡ್ಕಬ್ಯಾಡ ಕಣ್ಲಾ! ನಡ ಇಡ್ಕ."

"ಯಾಕ್ ಮಾವ?"

"ಇದ್ರ ಕಣ್ಣು ಇರಾದು ತುದೀಲಿ. ಒಂದೊಂದ್ ಕವಲ್ಗೆ ಒಂದೇ ಕಣ್ಣು. ಅದೇನಾರ ಮುರೀತು ಅಂದ್ರೆ ಮುಗೀತು. ಮಧ್ಯ ಎಷ್ಟ್ ದಪ್ಪಗಿದ್ರೂ ಕೊಳ್ಯಾಕೆಯ."

ಬದುವಿನ ಮೇಲೆ ನಿಂತಿದ್ದ ಪುಟ್ಟಮಲ್ಲಮ್ಮ ಕೆಳಗಿಳಿದು ಬಂದಳು.

"ಏನಂದ್ರಿ ಅಣ್ಣ?"

"ಏನಂದೆ? ತುದಿ ಮುರೀಬ್ಯಾಡಿ ಅಂದೆ."

"ತುದಿ ಚಿವ್ಟಾಕಿ, ಮಧ್ಯ ಕುಯ್ದು ಊರುದ್ರೆ?"

"ಅರಿಸ್ನ ಅಂದ್ಕಂಡಾ?" ಮುತ್ತಪ್ಪ ಸಿಡುಕಿದ. "ಒಂದೂ ಏಳಕಿಲ್ಲ."

"ಬೇಯಿಸ್ದೇ ಇದ್ರೂ?"

ಆ ಪ್ರಶ್ನೆ ಮುತ್ತಪ್ಪನಿಗೆ ಅರ್ಥವಾಗಲಿಲ್ಲ. ರಂಗಮ್ಮನಿಗೆ ಅರ್ಥವಾಯಿತು. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಪುಟ್ಟಮಲ್ಲಮ್ಮ ಮುತ್ತಪ್ಪನ ಎದುರು ಕುಕ್ಕರುಗಾಲಲ್ಲಿ ಕುಳಿತಳು. ಗೆಡ್ಡೆಯನ್ನು ಕೇಳಿ ಪಡೆದು, ಅದರ ಸಣಕಲು ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದು ಅಕ್ಕಂಗೆ ಗೊತ್ತಿತ್ತಾ?"

"ಅವಳ್ಗೆ ಗೊತ್ತಿಲ್ದೆ? ನಂಗೆ ಏಳ್ಕೊಟ್ಟೋಳೇ ಅವಳು. ಸಣ್ಣೋನಿದ್ದಾಗ ಒಂದ್ ತುದಿ ಮುರ್ದಾಕ್ದೆ ಅಂತ ಬೆನ್ಮ್ಯಾಲೆ ಎರಡು ಬಾರ್ಸಿದ್ಲು."

ಅಷ್ಟು ವರ್ಷ ಬಾವಿಕಟ್ಟೆಯಲ್ಲಿ ಆಡಿದ ಮಾತು ಸುಳ್ಳೆಂದು ಅವಳಿಗೆ ತಿಳಿದದ್ದು ಆಗಲೇ. ಮುಖ ಬಿಸಿಯೇರಿತು. ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ಹಿತ್ತಿಲು, ಈಳಿಗೆಮಣೆ, ಕುಕ್ಕೆ ಎತ್ತಿಕೊಂಡು ನಿಂತ ಗುರುಸಿದ್ದಮ್ಮ, ತೆರೆದು ಮುಚ್ಚಿದ ಆ ಬಾಯಿ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಳಕೋಣೆಯನ್ನೂ ಬೀಗದ ಕೈಯನ್ನೂ ಮದುವೆಯ ಸೀರೆಯನ್ನೂ ಕೇಳದೆ ಕೊಟ್ಟವಳು ಆ ಒಂದು ಮಾತನ್ನು ಕೊಟ್ಟಿರಲಿಲ್ಲ.

"ಕಳ್ಳಿ," ಅಂದಳು ಪುಟ್ಟಮಲ್ಲಮ್ಮ.

"ಏನಂದೆ?" ಮುತ್ತಪ್ಪ ತಲೆಯೆತ್ತಿದ.

"ಕಳ್ಳಿ ಅಂದೆ. ನಮ್ಮಕ್ಕನ."

"ಲೇ, ಹೆಣ ಇನ್ನೂ ಮನೇಲದೆ ಕಣೇ!" ರಂಗಮ್ಮ ಅವಳ ಭುಜ ಹಿಡಿದಳು. ಆ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಬಗ್ಗಿ ನೋಡಿದರೆ ಪುಟ್ಟಮಲ್ಲಮ್ಮನ ಮುಖದಲ್ಲಿ ಎರಡೂ ಇದ್ದವು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗು ತಡೆಯಲಾರದೆ ಸೊಟ್ಟಗಾಗಿತ್ತು.

"ಅವಳ್ಗೂ ಒಟ್ಟೆ ಉರೀತಿತ್ತು ಕಣ್ಲಾ ನಂಜ," ಅಂದಳು ಮಗನಿಗೆ. "ಅವಳ್ಗೂ ಉರೀತಿತ್ತು. ನಾ ಒಬ್ಳೇ ಅಂದ್ಕಂಡಿದ್ನಲ್ಲೊ."

ನಂಜಪ್ಪನಿಗೆ ಏನೂ ತಿಳಿಯಲಿಲ್ಲ. "ಅವ್ವ, ನಡಿ ಮನೆಗೆ. ನೀರ್ ಕುಡಿ."

"ಇಲ್ಲೇ ತಗೀರ್ಲಾ."

"ಏನ?"

"ಗುಣಿಯ. ಅಪ್ಪನ ಪಕ್ಕ. ಅವಳು ನಿಮ್ಮಪ್ಪನ ಪಕ್ಕವ ಬುಟ್ಕೊಡ್ನಿಲ್ಲ ಕಣ್ಲಾ. ಬಾಯ್ಬುಟ್ಟು ಕೇಳ್ನೂ ಇಲ್ಲ, ಬುಟ್ಕೊಡ್ನೂ ಇಲ್ಲ. ಅವಳದೇ ಜಾಗ." ಎದ್ದು ನಿಂತು ಮುಖ ಒರೆಸಿಕೊಂಡಳು. ಆಮೇಲೆ ಮುತ್ತಪ್ಪನ ಕಡೆ ತಿರುಗಿ ಎಂದಿನ ದನಿಯಲ್ಲಿ ಅಂದಳು: "ಗೆಡ್ಡೆ ಪೂರಾ ನೀವೇ ಓಯ್ಬ್ಯಾಡಿ ಅಣ್ಣ. ಅರ್ಧ ನಂಗೂ ಇರ್ಲಿ. ತುದಿ ಮುರ್ದವು ನಿಮ್ಗೆ."

ಅಷ್ಟು ಹೊತ್ತಿನಲ್ಲಿ ಮುತ್ತಪ್ಪ ನಕ್ಕದ್ದು ಅದೊಂದೇ ಸಲ.

ಇಳಿಹೊತ್ತಿಗೆ ಗುರುಸಿದ್ದಮ್ಮನನ್ನು ಬಾಳೆಕಂದು ಕಟ್ಟಿದ ವಿಮಾನದಲ್ಲಿ ಕೂರಿಸಿ ಹೊತ್ತು ತಂದರು. ಅಯ್ಯನವರು ಗುಣಿಯೊಳಗೆ ಇಳಿದು ಅವಳನ್ನು ಅದರ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದರು. ವಿಭೂತಿ, ಉಪ್ಪು, ಬಿಲ್ವಪತ್ರೆ ಹಾಕಿದರು. ನಂಜಪ್ಪ ಮೊದಲ ಹಿಡಿ ಮಣ್ಣು ಹಾಕಿ ಮಗುವಿನಂತೆ ಅತ್ತ. ಪುಟ್ಟಮಲ್ಲಮ್ಮನೂ ಹಾಕಿದಳು. ಮಣ್ಣು ಮುಚ್ಚಿ, ಮೇಲೆ ನೀರೆರೆದು ಜನ ಒಬ್ಬೊಬ್ಬರಾಗಿ ಊರ ಕಡೆ ಹೊರಟರು.

"ಬಾ ಮಲ್ಲಮ್ಮ, ಕತ್ಲಾಯ್ತದೆ," ಎಂದು ರಂಗಮ್ಮ ಹಿಂತಿರುಗಿ ಕರೆದಾಗ ಪುಟ್ಟಮಲ್ಲಮ್ಮ ಬರಲಿಲ್ಲ. ಬಳ್ಳಿಯನ್ನು ಕಿತ್ತಿದ್ದರಿಂದ ಬೇಲಿಯ ಬುಡದಲ್ಲಿ ಹಸಿ ಮಣ್ಣಿನ ಒಂದು ಪಟ್ಟಿ ಬರಿದಾಗಿತ್ತು. ಅವಳು ಅಲ್ಲಿ, ಹೊಸ ಮಣ್ಣಿಗೂ ಕಳ್ಳಿಗೂ ನಡುವೆ, ಸೀರೆ ಒತ್ತಿಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಬೆನ್ನು ನೆಟ್ಟಗೆ ಮಾಡಿ, ಎಡ ಮೊಣಕೈಯನ್ನು ಹೊಸ ಗುಡ್ಡೆಯ ಕಡೆಗೂ ಬಲ ಮೊಣಕೈಯನ್ನು ಬೇಲಿಯ ಕಡೆಗೂ ಚಾಚಿ ನೋಡಿದಳು. ಬಲಗಡೆ ಮುಳ್ಳು ತಾಕಿತು. ಒಂದಿಷ್ಟು ಎಡಕ್ಕೆ, ಗುರುಸಿದ್ದಮ್ಮನ ಕಡೆಗೆ, ಸರಿದು ಕುಳಿತಳು.

"ಏನ್ ಮಾಡ್ತಿದ್ದೀಯೆ ಅಲ್ಲಿ?"

"ಏನಿಲ್ಲ," ಅಂದಳು. "ಒತ್ಕಂಡ್ರೆ ನಂಗೂ ಸಾಕಾಯ್ತದೆ."

ಗುರುಸಿದ್ದಮ್ಮ ಅಂದು ಹಿತ್ತಿಲಲ್ಲಿ ಬಾಯಿ ತೆರೆದವಳು ಏಕೆ ಮುಚ್ಚಿದಳೋ, ಪುಟ್ಟಮಲ್ಲಮ್ಮ ತಿಳಿದುಕೊಂಡದ್ದು ಸರಿಯೋ, ಅಥವಾ ಅರಿಶಿನ ಬೆಳೆದ ಮನೆಯವಳಿಗೆ ತಾನೇನು ಹೇಳುವುದೆಂದು ಸುಮ್ಮನಾದಳೋ, ಅದು ನನಗೆ ಗೊತ್ತಿಲ್ಲ.